ಗಡಿ ದಾಟಿದ ಗುರುಪಾದಪ್ಪನ ಫೋನು

ನಮ್ಮೂರಿನಿಂದ ಗಡಿಗೆ ಹೋಗುವ ರಸ್ತೆಯಲ್ಲಿ ಯಾವಾಗ ನೋಡಿದರೂ ಯಾರೋ ಒಬ್ಬರು ಫೋನಿನಲ್ಲಿ ಜಗಳವಾಡುತ್ತಿರುತ್ತಾರೆ. ಹೊಸಬರು ಇದೆಂಥ ಜಗಳಗಂಟರ ಊರಪ್ಪಾ ಅಂದುಕೊಂಡು ಮುಂದೆ ಹೋಗುತ್ತಾರೆ. ಅದು ಜಗಳವಲ್ಲ, ಪ್ರಯಾಣದ ತಯಾರಿ. ಬೇರೆ ಊರಿನವರು ದೂರ ಹೊರಟಾಗ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ನಮ್ಮೂರಿನವರು ಮನೆಯಲ್ಲಿ ಒಂದು ಮುನಿಸು ಬಿಟ್ಟು ಹೋಗುತ್ತಾರೆ. ಯಾಕೆಂದರೆ ಗಡಿ ದಾಟಿದ ಮೇಲೆ, ಊರಲ್ಲಿ ಯಾರಾದರೂ ನಮ್ಮನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವಷ್ಟು ಹೊತ್ತು ಮಾತ್ರ ನಮ್ಮ ಫೋನಿಗೆ ಜೀವ. ನೆನೆಯುವವರು ಹೆಚ್ಚಾದರೆ ಸಿಗ್ನಲ್ಲಿನ ಕಡ್ಡಿಗಳು ಏರುತ್ತವೆ, ಕಡಿಮೆಯಾದರೆ ಇಳಿಯುತ್ತವೆ. ಯಾರೂ ನೆನೆಯದಿದ್ದರೆ ಅದರಲ್ಲಿ ಗಂಟೆ ಎಷ್ಟಾಯಿತು ಅಂತ ನೋಡಿಕೊಳ್ಳಬಹುದು, ಅಷ್ಟೇ.

ಪ್ರೀತಿಯಿಂದ ನೆನೆದರೂ ಕಡ್ಡಿ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ರೀತಿಯನ್ನು ನೆಚ್ಚಿಕೊಂಡು ಗಡಿ ದಾಟಿದವರು ಪಟ್ಟ ಪಾಡು ನಾನು ನೋಡಿದ್ದೇನೆ. ಅಕ್ಕಿ ಗಿರಣಿಯವರ ಹೊಸ ಅಳಿಯ ಮದುವೆಯಾದ ಹೊಸದರಲ್ಲಿ ನನ್ನ ವ್ಯಾನಿನಲ್ಲೇ ಆಚೆ ಸೀಮೆಗೆ ಹೋದ. ಮೊದಲು ಅವನ ಫೋನಿನಲ್ಲಿ ಕಡ್ಡಿಗಳು ತುಂಬಿ ತುಳುಕುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಹೆಂಡತಿಯ ಗೆಳತಿಯರು ಮನೆಗೆ ಬಂದರು, ಮಾತಿಗೆ ಕೂತರು, ಇವನ ಫೋನು ತಣ್ಣಗಾಯಿತು. ವಾಪಸ್ ಬರುವ ದಾರಿಯುದ್ದಕ್ಕೂ ಅವನು ಫೋನನ್ನು ಕಿಟಕಿಯಾಚೆ ಹಿಡಿದು ಅಲ್ಲಾಡಿಸುತ್ತಿದ್ದ. ಕೋಪ ಹಾಗಲ್ಲ. ಕೋಪ ಬಂದವರು ಪಾತ್ರೆ ತೊಳೆಯುವಾಗಲೂ ನಮ್ಮನ್ನೇ ಉಜ್ಜುತ್ತಿರುತ್ತಾರೆ. ಅದಕ್ಕೇ ನಮ್ಮೂರಿನವರು ಹೊರಡುವ ಮುಂಚೆ ಟಿವಿ ರಿಮೋಟನ್ನು ಜೇಬಿಗೆ ಇಳಿಸುತ್ತಾರೆ, ಕುಕ್ಕರಿನ ವಿಷಲ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ, ಬಚ್ಚಲು ಮನೆಯ ಬಲ್ಬು ಬಿಚ್ಚಿಕೊಂಡು ಹೋಗುತ್ತಾರೆ. ಗಡಿ ಠಾಣೆಯ ಜವಾನರು ಒಳ್ಳೆಯವರು. ಬ್ಯಾಗು ನೋಡಿದ ಮೇಲೆ, "ಮನೇಲಿ ಏನ್ ಮಾಡಿ ಬಂದಿದೀರಿ?" ಅಂತ ಕೇಳುತ್ತಾರೆ. ಏನೂ ಇಲ್ಲ ಅಂದವರಿಗೆ, "ಇನ್ನೂ ಈಚೆನೇ ಇದೀರಿ, ಯಾರಿಗಾದ್ರೂ ಫೋನ್ ಮಾಡಿ ಎರಡು ಮಾತು ಅಂದುಬಿಡಿ" ಅಂತ ಬುದ್ಧಿ ಹೇಳುತ್ತಾರೆ. ರಸ್ತೆ ಬದಿಯ ಜಗಳಗಳೆಲ್ಲ ಅಂಥವು.

ನಾನು ದಸ್ತಗೀರ. ವ್ಯಾನು ನನ್ನದೇ. ನನ್ನ ಫೋನಿಗೆ ಆಚೆ ಕಡೆ ಯಾವತ್ತೂ ಜೀವ ಬಂದಿಲ್ಲ. ಮದುವೆ ಆಗಲಿಲ್ಲ, ಇರುವುದು ಬಾಡಿಗೆ ಕೋಣೆ, ಓನರು ಶಾಂತ ಸ್ವಭಾವದವರು. ನನ್ನ ವ್ಯಾನು ಹತ್ತುವವರು ತಮ್ಮ ತಮ್ಮ ಮುನಿಸು ತಂದಿರುತ್ತಾರೆ, ಅವರ ಫೋನಿನಲ್ಲೇ ಮ್ಯಾಪ್ ಹಾಕಿ ಓಡಿಸುತ್ತೇನೆ. ಅದರಿಂದ ನನಗೇನೂ ಬೇಜಾರಿಲ್ಲ ಅಂತ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಈಗ ಗುರುಪಾದಪ್ಪನ ವಿಷಯಕ್ಕೆ ಬರುತ್ತೇನೆ. ಅವನು ನನ್ನ ಜೊತೆ ಶಾಲೆಗೆ ಹೋದವನು, ಈಗ ದರ್ಜಿ. ನಮ್ಮೂರಿನ ಬೇರೆ ದರ್ಜಿಗಳು ಗಡಿ ದಾಟಿದರೆ ಅವರ ಫೋನಿನಲ್ಲಿ ಇಡೀ ಸಿನಿಮಾ ತಡೆಯಿಲ್ಲದೆ ನೋಡಬಹುದು, ಅಷ್ಟು ಜನ ಊರಲ್ಲಿ ಅವರ ಹೆಸರು ಹಿಡಿದು ಶಾಪ ಹಾಕುತ್ತಿರುತ್ತಾರೆ. ಗುರುಪಾದಪ್ಪ ಮಾತ್ರ ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಾನೆ. ಅಳತೆ ತಪ್ಪುವುದಿಲ್ಲ, ಬಟ್ಟೆ ಉಳಿದರೆ ಮಡಚಿ ವಾಪಸ್ ಕೊಡುತ್ತಾನೆ. ಯಾರ ಎಡ ಭುಜ ಇಳಿದಿದೆ, ಯಾರ ಹೊಟ್ಟೆ ದೀಪಾವಳಿ ಆದ ಮೇಲೆ ಎಷ್ಟು ಮುಂದೆ ಬರುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಜನ ಬಟ್ಟೆ ತೆಗೆದುಕೊಂಡು ಹೋಗುತ್ತಾರೆ, ಹಾಕಿಕೊಳ್ಳುತ್ತಾರೆ, ಅವನನ್ನು ಮರೆಯುತ್ತಾರೆ. ಮೈಗೆ ಸರಿಯಾಗಿ ಕೂತ ಅಂಗಿಯನ್ನು ಹಾಕಿಕೊಂಡವನು ದರ್ಜಿಯನ್ನು ಯಾಕೆ ನೆನೆಯಬೇಕು ಹೇಳಿ.

ಅವನ ಅತ್ತೆ ಬಸಲಿಂಗಮ್ಮನವರಿಗೆ ಆಚೆ ಸೀಮೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಆ ಅಕ್ಕನ ಮೊಮ್ಮಗನ ಮದುವೆ ಬಂತು. ಅತ್ತೆಯ ಜೊತೆಗೆ ಗುರುಪಾದಪ್ಪ ಹೋಗುವುದು, ನಾನು ವ್ಯಾನು ಓಡಿಸುವುದು ಅಂತ ಮಾತಾಯಿತು. ಅವನ ಹೆಂಡತಿ ನೀಲಮ್ಮ ಬರುವುದಿಲ್ಲವಂತೆ. ಯಾಕಪ್ಪಾ ಅಂದರೆ, "ಏನೋ ಅಂದ್ಲು" ಅಂದ. ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಅಂಗಡಿಯ ಷಟರ್ ಅರ್ಧ ಇಳಿಸಿ, ನನ್ನನ್ನು ಇಸ್ತ್ರಿ ಮೇಜಿನ ಹತ್ತಿರ ಕೂರಿಸಿಕೊಂಡು ಹೇಳಿದ.

"ದಸ್ತಗೀರ್, ನನಗೆ ಈ ಸಲ ಒಂದು ಕಡ್ಡಿ ಬರಬೇಕು ಕಣೋ."

"ನಿಮ್ಮ ಅತ್ತೆ ಬರ್ತಾರಲ್ಲ. ಅವರದು ಇದ್ರೆ ವ್ಯಾನಿಗೆಲ್ಲ ಸಾಕು."

"ಅದು ಅವರದಾಯ್ತು. ನನ್ನ ಫೋನಿಗೆ ಬರಬೇಕು. ಹಿಂದೆ ದಾರ ತರೋಕೆ ಅಂತ ಹೋಗಿದ್ನಲ್ಲ, ಆಗ ಒಂದು ಸಲಾನೂ ಬರಲಿಲ್ಲ. ನಾನು ಯಾರಿಗೂ ಫೋನ್ ಮಾಡೋದಿಲ್ಲ, ಏನೂ ಮಾಡೋದಿಲ್ಲ. ಇಡೀ ಊರಲ್ಲಿ ಒಬ್ಬರಾದ್ರೂ, ಹೊರಗಿನವರು ಹೋಗಲಿ, ನಮ್ಮ ನೀಲಾ ಆದ್ರೂ ನನ್ನ ನೆನಸ್ಕೊಂಡ್ಲು ಅಂತ ಗೊತ್ತಾದ್ರೆ ಸಾಕು ನನಗೆ."

ಇದನ್ನು ಹೇಳುವಾಗ ಅವನು ಕತ್ತರಿಯನ್ನು ಸುಮ್ಮನೆ ತೆರೆದು ಮುಚ್ಚಿ ಮಾಡುತ್ತಿದ್ದ. ಅಂಥದ್ದನ್ನೆಲ್ಲ ಮುಖಕ್ಕೆ ಹೇಳಿಬಿಟ್ಟರೆ ಕೇಳಿದವನು ಏನು ಮಾಡಬೇಕು? "ಹಂಗಾದ್ರೆ ಯಾರಿಗಾದ್ರೂ ಏನಾದ್ರೂ ಮಾಡು" ಅಂದೆ.

ಮಾಡಿದ, ಪಾಪ. ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಯೂನಿಫಾರಂ ಹೊಲಿದು ಇಸ್ತ್ರಿ ಮಾಡಿಟ್ಟಿದ್ದರೂ ಆಗಿಲ್ಲ ಅಂತ ಸುಳ್ಳು ಹೇಳಿದ. ಅವರು ಇವನ ಬೆನ್ನು ತಟ್ಟಿ, "ಆರಾಮಾಗಿ ಮಾಡಿ ಗುರುಪಾದಪ್ಪ, ನೀವು ತಡ ಮಾಡ್ತೀರಿ ಅಂದ್ರೆ ಏನೋ ಕಷ್ಟ ಇರಬೇಕು" ಅಂದುಬಿಟ್ಟರು. ಪಕ್ಕದ ಮನೆಯ ರಾಜಶೇಖರಯ್ಯನವರಿಗೆ ತಮ್ಮ ನಾಯಿ ಅಂದರೆ ಪ್ರಾಣ. ಇವನು ಕಾಂಪೌಂಡಿನ ಮೇಲೆ ಕತ್ತು ಹಾಕಿ, "ನಿಮ್ಮ ನಾಯಿ ನೋಡೋಕೆ ಚೆನ್ನಾಗಿಲ್ಲ ಕಣ್ರೀ" ಅಂದ. ಅವರು ಇವನ ಮುಖ ನೋಡಿ, ಬಿಸಿಲಿಗೆ ಹೀಗಾಗಿದೆ ಅಂತ ಒಂದು ಚೊಂಬು ಮಜ್ಜಿಗೆ ಕಳಿಸಿಕೊಟ್ಟರು. ಕೊನೆಗೆ ಟಿವಿ ರಿಮೋಟನ್ನು ಬಟ್ಟೆ ಬ್ಯಾಗಿನ ತಳದಲ್ಲಿ ಇಟ್ಟುಕೊಂಡ. ನೀಲಮ್ಮ ಬಹಳ ದಿನದಿಂದ ಧಾರಾವಾಹಿ ನೋಡುವುದು ಫೋನಿನಲ್ಲಿ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಬಸಲಿಂಗಮ್ಮನವರಿಗೆ ಇಂಥ ತಾಪತ್ರಯವೇ ಇಲ್ಲ. ಅವರು ಬದುಕಿದ್ದರೆ ಸಾಕು, ಯಾರಿಗಾದರೂ ಹೊಟ್ಟೆ ಉರಿಯುತ್ತಿರುತ್ತದೆ. ಆದರೂ ಹೊರಡುವ ದಿನ ಅವರು ಉದಾಸೀನ ಮಾಡಲಿಲ್ಲ. ಬೆಳಗ್ಗೆ ಎದ್ದು ಎದುರು ಮನೆಯ ಮಲ್ಲಿಗೆ ಬಳ್ಳಿಯ ಮೊಗ್ಗನ್ನೆಲ್ಲ ಬಿಡಿಸಿ ಮುಡಿದುಕೊಂಡರು, ಸೊಸೆಯ ಉಪ್ಪಿಟ್ಟಿಗೆ ಹೆಸರಿಟ್ಟರು, ಮಹಿಳಾ ಸಂಘದ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡರು. ವ್ಯಾನು ಹತ್ತುವಾಗ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಳಿಸಿಕೊಡಲು ಬಂದವರ ಮುಖ ಹಾಗಿರುವುದಿಲ್ಲ. ಗುರುಪಾದಪ್ಪ ತನ್ನ ಮನೆಯ ಬಾಗಿಲಲ್ಲಿ, "ನೀಲಾ, ಹೋಗಿ ಬರ್ತೀನಿ" ಅಂದ. ಒಳಗಿನಿಂದ "ಹೂಂ" ಅಂತ ಕೇಳಿಸಿತು.

ಗಡಿ ದಾಟಿದೆವು. ಬಸಲಿಂಗಮ್ಮನವರ ಫೋನಿನಲ್ಲಿ ಕಡ್ಡಿಗಳು ನೆಟ್ಟಗೆ ನಿಂತವು, ಒಂದೂ ಅಲುಗಾಡಲಿಲ್ಲ. ಅವರು ಮುಂದಿನ ಸೀಟಿನಲ್ಲಿ ಫೋನು ಹಿಡಿದುಕೊಂಡು, "ದಸ್ತಗೀರ, ಮ್ಯಾಪ್ ಹಾಕ್ಕೋ. ಅಳಿಯಂದ್ರೇ, ನೀವೂ ಹಾಟ್‌ಸ್ಪಾಟ್ ತಗೊಳ್ಳಿ, ನಾಚ್ಕೋಬೇಡಿ" ಅಂದರು. ಗುರುಪಾದಪ್ಪ ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದ. ತನ್ನ ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಿದ್ದ. ಒಂದು ಸಲ ಆಫ್ ಮಾಡಿ ಆನ್ ಮಾಡಿದ, ಸಿಮ್ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿದ. ಏನೂ ಬರಲಿಲ್ಲ. ಆಮೇಲೆ ಅತ್ತೆಯ ನೆಟ್ ತೆಗೆದುಕೊಂಡು ವಾಟ್ಸಾಪ್ ತೆರೆದ. ನೀಲಮ್ಮ ಆಗಷ್ಟೇ ಬಂದು ಹೋಗಿದ್ದಾರೆ ಅಂತ ತೋರಿಸುತ್ತಿತ್ತು. ಇವನಿಗೆ ಒಂದು ಮೆಸೇಜೂ ಇರಲಿಲ್ಲ.

"ನೋಡು, ಫೋನ್ ಹಿಡ್ಕೊಂಡೇ ಇದಾಳೆ. ಕೈಯಲ್ಲಿ ಫೋನಿದ್ದೂ ನನ್ನ ನೆನಪಿಲ್ಲ" ಅಂದ.

"ಏನೋ ಕೆಲಸ ಇರತ್ತೆ ಬಿಡೋ" ಅಂದೆ. ಅದು ಅವನಿಗೆ ಸಮಾಧಾನ ತರಲಿಲ್ಲ. ಕೆಲಸದ ಮಧ್ಯೆ ನೆನಪಾಗದವನು ಯಾವ ಗಂಡ ಅಂತ ಅವನ ಮುಖದಲ್ಲಿ ಬರೆದಿತ್ತು.

ದಾರಿ ಚೆನ್ನಾಗಿತ್ತು, ಎರಡೂ ಕಡೆ ಸೂರ್ಯಕಾಂತಿ ಹೊಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮ್ಯಾಪಿನ ಬಾಣ ತಡವರಿಸತೊಡಗಿತು. ಬಸಲಿಂಗಮ್ಮನವರ ಫೋನಿನಲ್ಲಿ ಒಂದು ಕಡ್ಡಿ ಕಡಿಮೆಯಾಗಿತ್ತು. ಅವರು ಅದನ್ನು ನಂಬಲಿಲ್ಲ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಷ್ಟರಲ್ಲಿ ಇನ್ನೊಂದು ಹೋಯಿತು.

"ಇದೇನಿದು! ಆ ಎದುರು ಮನೆಯವಳು ಮಲ್ಲಿಗೆ ಬಳ್ಳಿ ನೋಡ್ಲಿಲ್ವಾ ಇನ್ನೂ?"

ಕೂಡಲೇ ಎದುರು ಮನೆಗೆ ಫೋನ್ ಹಚ್ಚಿ, ನಿಮ್ಮ ಮಲ್ಲಿಗೆಗೆ ವಾಸನೆಯೇ ಇಲ್ಲ ಅಂತ ಶುರು ಮಾಡಿ, ಅವರ ಮಗಳ ಮದುವೆಯ ಊಟದ ತನಕ ಹೋಗಿ ನಿಲ್ಲಿಸಿದರು. ಇಳಿದಿದ್ದ ಕಡ್ಡಿ ಏರಿತು. "ರೀಚಾರ್ಜ್ ಆಯ್ತು, ನಡಿ" ಅಂದರು. ಹೀಗೆ ಸೊಸೆಗೆ ಒಂದು, ಸಂಘದ ಖಜಾಂಚಿಗೆ ಒಂದು, ಹಾಲಿನವಳಿಗೆ ಒಂದು ಅಂತ ರೀಚಾರ್ಜ್ ಮಾಡುತ್ತಾ ಬಂದರು. ಆದರೆ ಪ್ರತಿ ಸಲ ಏರಿದ್ದು ಬೇಗ ಇಳಿಯುತ್ತಿತ್ತು. ಕೊನೆಗೆ ಸೊಸೆಗೆ ಮತ್ತೊಮ್ಮೆ ಫೋನ್ ಮಾಡಿದಾಗ ಆ ಕಡೆಯಿಂದ ಗಲಾಟೆ, ನಗು, ಬಾಣಲೆಯಲ್ಲಿ ಏನೋ ಕರಿಯುವ ಸದ್ದು. ಬೀದಿಯವರೆಲ್ಲ ಇವರ ಮನೆಯ ಜಗಲಿಯ ಮೇಲೆ ಕೂತು ಬೋಂಡ ತಿನ್ನುತ್ತಿದ್ದರು. ಎದುರು ಮನೆಯವರೂ ಅಲ್ಲೇ ಇದ್ದರು. ಸೊಸೆ, "ಅತ್ತೇ, ಆಮೇಲೆ ಮಾಡಿ, ಕೈಯೆಲ್ಲ ಹಿಟ್ಟಾಗಿದೆ" ಅಂತ ನಗುತ್ತಲೇ ಫೋನ್ ಇಟ್ಟಳು.

ಬಸಲಿಂಗಮ್ಮನವರು ಕಿಟಕಿಯ ಕಡೆ ತಿರುಗಿಕೊಂಡರು. "ಇಷ್ಟು ವರ್ಷ ಎಲ್ಲರ ಜೊತೆ ಅಷ್ಟು ಹಚ್ಕೊಂಡು ಜಗಳ ಆಡಿದೀನಿ. ಅರ್ಧ ದಿನಕ್ಕೆ ಮರೆತು ಕೂತ್ರಲ್ಲ" ಅಂದರು. ಅವರ ಫೋನಿನಲ್ಲಿ ಉಳಿದದ್ದು ಒಂದೇ ಕಡ್ಡಿ, ಅದೂ ಬಂದು ಹೋಗಿ ಮಾಡುತ್ತಿತ್ತು.

ಒಂದು ಚಹಾ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿದೆ. ಬಸಲಿಂಗಮ್ಮನವರು ಇಳಿಯಲಿಲ್ಲ. ಫೋನನ್ನು ಹಿಂದಕ್ಕೆ ಚಾಚಿ, "ಇದೊಂದು ಉಳಿದಿದೆ, ಅಳಿಯಂದ್ರೇ. ನನಗೆ ಇನ್ನು ಬೈಯೋಕೂ ಮನಸ್ಸಿಲ್ಲ. ನೀವು ನೀಲಾಗೆ ಮಾಡಿ, ಇಷ್ಟು ದೂರ ಬಂದ್ವಿ ಅಂತ ಹೇಳಿ" ಅಂದರು. ಗುರುಪಾದಪ್ಪ ಎರಡೂ ಕೈಯಲ್ಲಿ ಫೋನು ಇಸಿದುಕೊಂಡ. ಕೂದಲು ಸರಿಮಾಡಿಕೊಂಡ, ಯಾಕೋ ಗೊತ್ತಿಲ್ಲ. ಸ್ಪೀಕರ್ ಹಾಕಿದ.

"ಹಲೋ, ಅಮ್ಮಾ?" ನೀಲಮ್ಮನ ಮಾತು ಬಾಯಲ್ಲಿ ತುತ್ತು ಇಟ್ಟುಕೊಂಡವರ ಹಾಗೆ ಕೇಳಿಸಿತು.

"ನೀಲಾ, ನಾನು."

"ಓ, ನೀವಾ? ಅಮ್ಮನ ಫೋನು ನಿಮ್ಮ ಹತ್ರ ಯಾಕಿದೆ? ಬಿಟ್ಟು ಹೋದ್ಲಾ? ಅಂಗಡೀಲಿ ಜೋಪಾನವಾಗಿ ಇಟ್ಟಿರಿ. ಬರ್ತಾ ಅರ್ಧ ಲೀಟರ್ ಹಾಲು ತನ್ನಿ, ನನಗೆ ಬೇರೆ ಏನೂ ಬೇಡ."

ಗುರುಪಾದಪ್ಪ, "ನಾನು ಅಂಗಡೀಲಿಲ್ಲ" ಅಂದ.

"ಮತ್ತೆ ಎಲ್ಲಿದೀರಿ? ಹಿತ್ತಲಲ್ಲಾ?"

"ಗಡಿ ದಾಟಿ ಬಂದಿದೀನಿ ಕಣೇ! ಅತ್ತೆ ಜೊತೆ! ಬೆಳಗ್ಗೆ ಹೋಗಿ ಬರ್ತೀನಿ ಅಂದ್ನಲ್ಲ!"

"ದಿನಾನೂ ಅಂತೀರಲ್ರೀ" ಅಂದರು ನೀಲಮ್ಮ.

ನಾನು ಅವನನ್ನು ಚಿಕ್ಕಂದಿನಿಂದ ಬಲ್ಲೆ. ಶಾಲೆಯಲ್ಲಿ ಅವನ ಬಳಪ ಕಿತ್ತುಕೊಂಡರೆ ಇನ್ನೊಂದು ತುಂಡನ್ನೂ ತಾನೇ ಕೊಡುತ್ತಿದ್ದವನು. ಅವನ ಕಿವಿ ಕೆಂಪಾದದ್ದನ್ನು ಆವತ್ತೇ ಮೊದಲು ನೋಡಿದ್ದು. ಕೋಪ ಮಾಡಿಕೊಂಡು ಅಭ್ಯಾಸವಿಲ್ಲದ ಕಾರಣ ಅವನಿಗೆ ಸರಿಯಾದ ಬೈಗುಳ ಒಂದೂ ಸಿಗಲಿಲ್ಲ. ಕೈಗೆ ಸಿಕ್ಕಿದ್ದನ್ನೇ ಎಸೆದ.

"ಇನ್ಮೇಲೆ ನಿನ್ನ ಒಂದು ರವಿಕೇನೂ ಹೊಲಿಯಲ್ಲ ನಾನು! ಕಂಕುಳಲ್ಲಿ ಹರಿದ್ರೂ ಹೊಲಿಯಲ್ಲ! ಹುಕ್ಕು ಕಿತ್ತೋದ್ರೂ ಹಾಕಲ್ಲ! ಪಿನ್ನು ಚುಚ್ಕೊಂಡು ಓಡಾಡು! ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಅಲ್ವಾ ನಿನಗೆ? ಹಾಲೂ ನೀನೇ ತಂದ್ಕೋ!"

ಕೊನೆಯ ಮಾತು ಮುಗಿಯುವಷ್ಟರಲ್ಲಿ ಅತ್ತೆಯ ಫೋನಿನ ಕೊನೆಯ ಕಡ್ಡಿಯೂ ಹೋಯಿತು. ಚಹಾ ಅಂಗಡಿಯವನು ಲೋಟ ಹಿಡಿದುಕೊಂಡು ಹಾಗೇ ನಿಂತಿದ್ದ. ಬಸಲಿಂಗಮ್ಮನವರು ಸೀಟಿನಲ್ಲಿ ಪೂರ್ತಿ ತಿರುಗಿ ಅಳಿಯನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಬೈಗುಳ ಸ್ವಲ್ಪ ಸಪ್ಪೆ ಆಯ್ತು. ಆದ್ರೂ ಮೊದಲನೇ ಸಲಕ್ಕೆ ಪರವಾಗಿಲ್ಲ" ಅಂದರು.

ಆಗ ಅವನ ಜೇಬಿನಲ್ಲಿ ಏನೋ ಗುಂಯ್ ಅಂದಿತು. ಅಳತೆ ಟೇಪಿನ ಸುರುಳಿಯ ಕೆಳಗಿನಿಂದ ಫೋನು ತೆಗೆದ. ಒಂದು ಕಡ್ಡಿ ಇತ್ತು. ಅವನು ನಮ್ಮಿಬ್ಬರಿಗೂ ತೋರಿಸಿದ. ತೋರಿಸುತ್ತಿರುವಾಗಲೇ ಎರಡಾಯಿತು. ನಾವು ಮೂವರೂ ಆ ಫೋನಿನ ಮೇಲೆ ಬಗ್ಗಿದೆವು. ಮೂರಾಯಿತು, ಆಮೇಲೆ ತುಂಬಿಯೇ ಹೋಯಿತು. ನೀಲಮ್ಮನ ಫೋನು ಬರುತ್ತಿತ್ತು.

ಗುರುಪಾದಪ್ಪ ಎತ್ತಲು ಹೋದ. ನಾನೇ ತಡೆದೆ. "ಎತ್ತಬೇಡ ಕಣೋ. ಎತ್ತಿದ್ರೆ ರಾಜಿ ಆಗ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ರಾಜಿ ಆದ್ರೆ ಕಡ್ಡಿ ಹೋಗತ್ತೆ. ನನಗೆ ಮುಂದಿನ ದಾರಿ ಗೊತ್ತಿಲ್ಲ."

"ಪಾಪ ಕಣೋ."

"ಪಾಪ ಅನ್ನೋದು ಊರಿಗೆ ಹೋದ ಮೇಲೆ ಅನ್ನಿ" ಅಂದರು ಬಸಲಿಂಗಮ್ಮ, ಹೆತ್ತ ತಾಯಿಯಾಗಿಯೂ. "ಈಗ ನನಗೊಂದು ಚೂರು ಹಾಟ್‌ಸ್ಪಾಟ್ ಹಾಕಿ."

ಆಮೇಲಿನ ದಾರಿಯನ್ನು ನಾನು ಮರೆಯುವಂತಿಲ್ಲ. ನೀಲಮ್ಮ ಸುಮ್ಮನಿರಲಾರದೆ ಪಕ್ಕದ ಮನೆಗೆ ಹೋಗಿ ನಮ್ಮ ಮನೆಯವರು ಕೋಪ ಮಾಡಿಕೊಂಡರು ಅಂದಿದ್ದಾರೆ. ಪಕ್ಕದ ಮನೆಯವರು ಬೋಂಡ ತಿನ್ನುತ್ತಿದ್ದ ಬೀದಿಗೆ ಹೋಗಿ ಹೇಳಿದ್ದಾರೆ. ಬೋಂಡ ಅಲ್ಲಿಗೇ ನಿಂತಿತು. ಗುರುಪಾದಪ್ಪನಿಗೆ ಕೋಪ ಬಂತಂತೆ ಅನ್ನುವ ಸುದ್ದಿ ಸಂಜೆಯೊಳಗೆ ಬಸ್ ಸ್ಟ್ಯಾಂಡು ಮುಟ್ಟಿತು. ಫೋನಿನ ಮೇಲೆ ಫೋನು. ನೀಲಮ್ಮನದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಎತ್ತಿದ. ಮೊದಲು ಮಾಡಿದವರು ಕಾನ್‌ಸ್ಟೇಬಲ್.

"ಗುರುಪಾದಪ್ಪ, ನಿಮಗೆ ಕೋಪ ಬರತ್ತಾ? ಹಂಗಾದ್ರೆ ನನ್ನ ಯೂನಿಫಾರಂ ಬೇಕಂತಲೇ ಇಟ್ಕೊಂಡ್ರಾ?"

"ಹೌದು ಸಾರ್" ಅಂದ ಗುರುಪಾದಪ್ಪ, ಬಹಳ ಹೆಮ್ಮೆಯಿಂದ.

ಆ ಕಡೆಯಿಂದ ಬಂದ ಮಾತನ್ನು ಇಲ್ಲಿ ಹೇಳುವಂತಿಲ್ಲ. ಅದು ಮುಗಿಯುವುದರೊಳಗೆ ರಾಜಶೇಖರಯ್ಯನವರು. "ಅವತ್ತು ನಮ್ಮ ನಾಯಿ ಬಗ್ಗೆ ಅಂದ್ರಲ್ಲ, ಬಿಸಿಲಿಗೆ ಅಂದದ್ದಲ್ವಾ ಅದು? ಮನಸ್ಸಿಟ್ಟೇ ಅಂದದ್ದಾ?" ಗುರುಪಾದಪ್ಪ, "ಮನಸ್ಸಿಟ್ಟೇ ಅಂದದ್ದು ಸ್ವಾಮಿ, ಅದರ ಕಿವಿ ಒಂದು ಅಳತೆಗಿಲ್ಲ" ಅಂದ. ಕೊಟ್ಟ ಮಜ್ಜಿಗೆಯನ್ನು ಅವರು ವಾಪಸ್ ಕೇಳಿದರು. ನೆಟ್ ಎಷ್ಟು ಜೋರಾಗಿತ್ತೆಂದರೆ ಬಸಲಿಂಗಮ್ಮನವರು ಹಾಟ್‌ಸ್ಪಾಟಿನಲ್ಲಿ ಅಕ್ಕನ ಜೊತೆ ವಿಡಿಯೋದ ಮೇಲೆ ಮಾತಾಡಿದರು, ನಾನು ಒಂದು ಕವಲು ದಾರಿಯಲ್ಲೂ ತಪ್ಪಲಿಲ್ಲ. ಹಿಂದಿನ ಸೀಟಿನಲ್ಲಿ ಗುರುಪಾದಪ್ಪ ಎದೆ ಮುಂದೆ ಮಾಡಿಕೊಂಡು ಕೂತಿದ್ದ. ಅವನನ್ನು ಅಷ್ಟು ಖುಷಿಯಾಗಿ ನಾನು ನೋಡಿಯೇ ಇರಲಿಲ್ಲ. ಪ್ರತಿ ಸಲ ನೀಲಮ್ಮನ ಹೆಸರು ಬಂದಾಗ ಮಾತ್ರ ಫೋನನ್ನು ಬೋರಲು ಹಾಕಿ, ಅದು ನಿಲ್ಲುವ ತನಕ ಕೈ ಅದರ ಮೇಲಿಟ್ಟುಕೊಂಡಿರುತ್ತಿದ್ದ.

ಮದುವೆ ಮನೆ ಮುಟ್ಟಿದೆವು. ಬಸಲಿಂಗಮ್ಮನವರು ಅಕ್ಕನನ್ನು ತಬ್ಬಿಕೊಂಡು ಅತ್ತು, ಕೂಡಲೇ ಚಪ್ಪರ ಸರಿಯಾಗಿ ಹಾಕಿಲ್ಲ ಅಂತ ಹೇಳುತ್ತಾ ಒಳಗೆ ಹೋದರು. ನಾವಿಬ್ಬರೂ ಚಪ್ಪರದ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಊರಲ್ಲಿ ದೀಪ ಹಚ್ಚುವ ಹೊತ್ತಾಗಿರಬೇಕು. ಒಬ್ಬೊಬ್ಬರಿಗೂ ತಮ್ಮ ತಮ್ಮ ಅಡುಗೆ, ಧಾರಾವಾಹಿ ಇರುತ್ತದೆ. ಗುರುಪಾದಪ್ಪನ ಫೋನಿನಲ್ಲಿ ಕಡ್ಡಿಗಳು ಇಳಿಯತೊಡಗಿದವು. ಕಾನ್‌ಸ್ಟೇಬಲ್ ಡ್ಯೂಟಿಗೆ ಹೋದರು ಅಂತ ಕಾಣುತ್ತದೆ, ಒಂದು ಹೋಯಿತು. ಊರಿನ ಹರಟೆ ಬೇರೆ ಕಡೆ ತಿರುಗಿರಬೇಕು, ಇನ್ನೊಂದು ಹೋಯಿತು. ರಾಜಶೇಖರಯ್ಯನವರು ಮಾತ್ರ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು, ಆಮೇಲೆ ಅವರೂ ನಾಯಿಗೆ ಅನ್ನ ಹಾಕಲು ಎದ್ದಿರಬೇಕು. ಕೊನೆಗೆ ಒಂದು ಉಳಿಯಿತು. ಗುರುಪಾದಪ್ಪ ಉಸಿರು ಬಿಗಿಹಿಡಿದು ಅದನ್ನೇ ನೋಡಿದ. ಅದು ಹೋಗಲಿಲ್ಲ. ತಟ್ಟೆಗಳು ಬಂದವು, ಹೋದವು, ವಾಲಗದವರು ಬಂದು ಕೂತರು, ಅದು ಹೋಗಲಿಲ್ಲ.

"ದಸ್ತಗೀರ್, ಇದು ಅವಳದೇ ಕಣೋ."

"ಅವರದೇ ಇರಬೇಕು."

"ಬೇರೆಯವರದೆಲ್ಲ ಹೋಯ್ತು. ಇದು ನೋಡು, ಅಲುಗಾಡ್ತಾನೂ ಇಲ್ಲ." ಅವನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ನಾನು ವಾಲಗದವರ ಕಡೆ ತಿರುಗಿಕೊಂಡೆ. ಫೋನು ಮತ್ತೆ ಬಡಿದುಕೊಂಡಿತು. ಈ ಸಲ ನಾನು ತಡೆಯಲಿಲ್ಲ. ಅವನು ಎತ್ತಿ, ಆ ಗಲಾಟೆಯಲ್ಲಿ ಕೇಳಿಸಲಿ ಅಂತ ಸ್ಪೀಕರ್ ಹಾಕಿ ತೊಡೆಯ ಮೇಲೆ ಇಟ್ಟುಕೊಂಡ.

"ನೀಲಾ."

"ಅಂತೂ ಎತ್ತಿದ್ರಲ್ಲ. ಊಟ ಆಯ್ತಾ?"

"ಇನ್ನೂ ಇಲ್ಲ. ನೀಲಾ, ಕೋಪ ಮಾಡ್ಕೊಂಡಿದೀಯಾ?"

"ಮಾಡ್ಕೊಂಡಿದ್ದೆ, ಆಗಲೇ ಇಳೀತು. ಸುಮ್ನೆ ಕೂತು ಯೋಚನೆ ಮಾಡ್ತಾ ಇದ್ದೆ. ನೀವು ಅಂದಿದ್ದೂ ಸರಿನೇ. ಇರೋ ಮನುಷ್ಯ ಮನೇಲಿದಾನೋ ಇಲ್ವೋ ಅಂತ ನೋಡ್ಬೇಕಿತ್ತು ನಾನು. ಆದ್ರೆ ಇವತ್ತು ನನಗೆ ಯಾವ ಪ್ರಜ್ಞೆನೂ ಇರಲಿಲ್ಲ ಕಣ್ರೀ. ಹಲ್ಲು ಕೀಳಿಸ್ಕೊಂಡು ಬಂದು ಬಾಯಿತುಂಬ ಹತ್ತಿ ಇಟ್ಕೊಂಡು ಬಿದ್ಕೊಂಡಿದ್ದೆ."

ಗುರುಪಾದಪ್ಪನ ಮುಖದ ಮೇಲಿದ್ದ ಸಂತೋಷ ಹಾಗೇ ನಿಂತುಬಿಟ್ಟಿತು. "ಹಲ್ಲಾ? ಯಾರ ಹಲ್ಲು?"

"ಯಾರದು ಅಂದ್ರೆ? ನಂದೇ. ಇವತ್ತು ದವಡೆ ಹಲ್ಲು ಕೀಳಿಸ್ಬೇಕು, ಅದಕ್ಕೇ ಮದುವೆಗೆ ಬರಲ್ಲ ಅಂತ ಎಷ್ಟು ಸಲ ಹೇಳಿದೀನಿ. ನೀವು ಹೂಂ ಹೂಂ ಅಂತಿದ್ರಿ."

ಅವನು ನನ್ನ ಮುಖ ನೋಡಿದ. ಏನೋ ಅಂದ್ಲು ಅಂದಿದ್ದನಲ್ಲ, ಆ ಏನೋ ಇದು. ತನ್ನನ್ನು ಯಾರು ನೆನೆಯುತ್ತಾರೆ, ಯಾರಿಗೆ ಏನು ಮಾಡಿದರೆ ನೆನೆಯುತ್ತಾರೆ ಅಂತ ಅಷ್ಟು ದಿನ ಲೆಕ್ಕ ಹಾಕಿದವನ ಎದುರಿಗೇ ಹೆಂಡತಿ ಕೆನ್ನೆ ಹಿಡಿದುಕೊಂಡು ಓಡಾಡಿದ್ದಾರೆ, ಇವನಿಗೆ ಕಂಡಿಲ್ಲ. ನಾಚಿಕೆಯಿಂದ ಅವನು ಕುರ್ಚಿಯಲ್ಲೇ ಕುಗ್ಗಿಹೋದ.

"ತಪ್ಪಾಯ್ತು ನೀಲಾ. ರವಿಕೆ ಹೊಲೀತೀನಿ. ಎಷ್ಟು ಬೇಕಾದ್ರೂ ಹೊಲೀತೀನಿ. ನೋವು ಈಗ ಹೇಗಿದೆ?"

"ಕಡಿಮೆ ಆಗಿದೆ. ಅಷ್ಟು ಕೇಳಿದ್ರಲ್ಲ, ಸಾಕು ಬಿಡಿ." ನೀಲಮ್ಮನ ಮಾತಿನಲ್ಲಿ ನಗು ಇತ್ತು. ನನಗೂ ಜೀವ ಹಗುರಾಯಿತು, ಊಟಕ್ಕೆ ಏಳೋಣ ಅಂತ ಕುರ್ಚಿ ಹಿಂದೆ ಸರಿಸಿದೆ. ಅಷ್ಟಕ್ಕೆ ಇಟ್ಟುಬಿಟ್ಟಿದ್ದರೆ ಆಗುತ್ತಿತ್ತು. ಗುರುಪಾದಪ್ಪನಿಗೆ ಒಳ್ಳೆಯ ಗಂಡನಾಗುವ ಆಸೆ ಬಂತು.

"ನನಗೆ ಗೊತ್ತಿತ್ತು ಕಣೇ. ಕೆಲಸದಲ್ಲಿ ಮರೆತೆ ಅಷ್ಟೇ. ನೀನು ಕೆನ್ನೆ ಹಿಡ್ಕೊಂಡು ಓಡಾಡ್ತಿದ್ದದ್ದು ನೋಡಿದ್ದೆ ನಾನು."

"ಹೌದಾ? ನೋಡಿದ್ರಾ?" ನೀಲಮ್ಮನಿಗೆ ನಿಜವಾಗಿಯೂ ಸಂತೋಷವಾಯಿತು. "ಯಾವ ಕಡೆ ಕೆನ್ನೆ, ಹೇಳಿ ನೋಡೋಣ?"

ಇಡೀ ಊರಿನ ಭುಜ, ಕುತ್ತಿಗೆ, ಸೊಂಟದ ಅಳತೆ ತಲೆಯಲ್ಲಿಟ್ಟುಕೊಂಡಿರುವ ಮನುಷ್ಯ ನನ್ನ ಕಡೆ ನೋಡಿದ. ನನಗೇನು ಗೊತ್ತು? ನಾನು ತಲೆ ಅಲ್ಲಾಡಿಸಿದೆ, ಮಾತಾಡಬೇಡ, ಲೈನ್ ಸರಿಯಿಲ್ಲ ಅನ್ನು ಅಂತ ಸನ್ನೆ ಮಾಡಿದೆ. ಅವನು ಕಣ್ಣು ಮುಚ್ಚಿ ಬಹಳ ಯೋಚಿಸಿದ. ತನ್ನ ಒಂದು ಕೆನ್ನೆ ಮುಟ್ಟಿಕೊಂಡ, ಆಮೇಲೆ ಇನ್ನೊಂದು ಮುಟ್ಟಿಕೊಂಡ.

"ಎಡಗಡೆ" ಅಂದ.

ಆ ಕಡೆಯಿಂದ ಮಾತಿಲ್ಲ. ವಾಲಗದವರೂ ಆಗಲೇ ನಿಲ್ಲಿಸಬೇಕೇ? ಆಮೇಲೆ ನೀಲಮ್ಮ ಫೋನ್ ಇಟ್ಟ ಸದ್ದು ಕೇಳಿಸಿತು. ಗುರುಪಾದಪ್ಪನ ತೊಡೆಯ ಮೇಲೆ ಫೋನು ಬೆಳಗುತ್ತಿತ್ತು. ನಾವು ನೋಡುತ್ತಿದ್ದ ಹಾಗೆ ಎರಡನೇ ಕಡ್ಡಿ ಎದ್ದಿತು, ಮೂರನೆಯದು ಎದ್ದಿತು, ಕೊನೆಯದೂ ಎದ್ದು ನೆಟ್ಟಗೆ ನಿಂತಿತು. ಮದುವೆ ಮುಗಿಸಿ, ಬೀಗರ ಊಟ ಮುಗಿಸಿ, ನಾವು ವಾಪಸ್ ಬಂದು ಗಡಿ ಮುಟ್ಟುವ ತನಕ ಅದರಲ್ಲಿ ಒಂದೂ ಕೆಳಗಿಳಿಯಲಿಲ್ಲ.